ಪರದೆಯ ಈಚೆ ಬದಿ

ಯಂತ್ರಗಳೊಳಗಿನ ಚಿಪ್ಪುಗಳನ್ನು ನಡೆಸುವ ಎಂಬೆಡೆಡ್ ತಂತ್ರಾಂಶ ಬರೆಯುವವರಿಗಾಗಿ ಈಗ ನಡೆಯುವ ಆನ್‌ಲೈನ್ ಸೆಮಿನಾರುಗಳನ್ನು ಕೋವಿಡ್ ಕಾಲದ ಕೊಡುಗೆ ಎಂದು ತಿಳಿದವರೇ ಹೆಚ್ಚು. ರಾಯಚೂರು ಜಿಲ್ಲೆಯ ಮಟ್ಟಿಗೆ ಈ ತಿಳಿವಳಿಕೆ ಸರಿಯಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ವಳಕಮದಿನ್ನಿಯಂಥ ಹಳ್ಳಿಗಳಿರುವ ಈ ಜಿಲ್ಲೆಗೆ ಆಕಾಶಮಾರ್ಗದಲ್ಲಿ ಪಾಠ ಬಂದದ್ದು ಅರ್ಧ ಶತಮಾನದ ಹಿಂದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಇಸ್ರೊ ಸಂಸ್ಥೆಯು ಅಮೆರಿಕದ ನಾಸಾದಿಂದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು, ‘ಸೈಟ್’ ಎಂಬ ಹೆಸರಿನಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠ ಕಳಿಸಿತು. ಕರ್ನಾಟಕದಲ್ಲಿ ಇದಕ್ಕೆ ಆರಿಸಿಕೊಂಡದ್ದು ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳನ್ನು. ತಂತಿ ಜಾಲರಿ ಹೊದಿಸಿದ ಮೂರು ಮೀಟರಿನ ಆಂಟೆನಾ, ಊರಿಗೊಂದು ಟಿವಿ ಪೆಟ್ಟಿಗೆ, ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಒಂದೇ ಚಿತ್ರದ ಜೊತೆ ಎರಡು ಧ್ವನಿವಾಹಿನಿಗಳನ್ನು ಕಳಿಸುವ ಅನುಕೂಲ ಆ ಉಪಗ್ರಹದಲ್ಲಿತ್ತು. ಹಾಗಾಗಿ ಆಂಧ್ರದ ಹಳ್ಳಿ ತೆಲುಗನ್ನೂ ನಮ್ಮ ಹಳ್ಳಿ ಕನ್ನಡವನ್ನೂ ಕೇಳಬಹುದಾಗಿತ್ತು.

ಸೈಟ್ ಬಗ್ಗೆ ಬರೆದವರೆಲ್ಲ ಉಪಗ್ರಹದ ಸಾಹಸವನ್ನು ಕೊಂಡಾಡುತ್ತಾರೆ. ಅದಕ್ಕಿಂತ ಬೆಲೆಯುಳ್ಳದ್ದು ಅದೇ ಯೋಜನೆಯ ಶಿಕ್ಷಕರ ತರಬೇತಿ ಎಂಬುದು ನನ್ನ ಎಣಿಕೆ. ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸುವ ಬಗೆಯನ್ನು ಹೇಳಿಕೊಡುವ 12 ದಿನಗಳ ಶಿಬಿರ ಅದು. ಟಿವಿಯ ಪಾಠ ಅದರ ಒಂದು ಭಾಗವಷ್ಟೆ. ರೇಡಿಯೊ ಇತ್ತು, ಅಚ್ಚು ಹಾಕಿದ ಪಾಠವಿತ್ತು, ಕೈಯಾರೆ ಮಾಡುವ ಪ್ರಯೋಗಗಳಿದ್ದವು, ಅವನ್ನು ಮಾಡಿಸಲು ಪ್ರತಿ ಕೇಂದ್ರದಲ್ಲೂ ಒಬ್ಬ ಮಾರ್ಗದರ್ಶಕ ಇದ್ದ. ಅಂದರೆ ಯೋಜಕರು ಪರದೆಯ ಆಚೆ ಏನು ತೋರಿಸಬೇಕು ಎಂಬುದರಷ್ಟೇ, ಈಚೆ ಬದಿಯ ಮೇಜಿನ ಮೇಲೆ ಏನಿರಬೇಕು ಎಂಬುದನ್ನೂ ಯೋಚಿಸಿದ್ದರು. ಮುಂದೆ ಬಂದ ದೂರಪಾಠಗಳನ್ನು ಅಳೆಯಬೇಕಾದದ್ದು ಈ ಒಂದು ಅಳತೆಗೋಲಿನಿಂದ.

2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಮೀಸಲಾದ ಎಡುಸ್ಯಾಟ್ ಉಪಗ್ರಹ ಹಾರಿತು. ಅದರ ಮೊದಲ ಬಳಕೆದಾರರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಒಬ್ಬ ಒಳ್ಳೆಯ ಪ್ರಾಧ್ಯಾಪಕರ ಉಪನ್ಯಾಸ ಏಕಕಾಲಕ್ಕೆ ರಾಜ್ಯದ ಅನೇಕ ಕಾಲೇಜುಗಳನ್ನು ತಲುಪಿತು; ನುರಿತ ಬೋಧಕರಿಲ್ಲದ ಕಾಲೇಜಿಗೆ ಇದು ಸಣ್ಣ ಉಪಕಾರವಲ್ಲ. ಆದರೆ ಹೋದದ್ದು ಉಪನ್ಯಾಸ. ಪ್ರಯೋಗಾಲಯ ಎಲ್ಲಿದ್ದಿತೋ ಅಲ್ಲೇ ಉಳಿಯಿತು. 2003ರಲ್ಲಿ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ಕೈಗೆತ್ತಿಕೊಂಡ ವಿಡಿಯೊ ಪಾಠಗಳ ಯೋಜನೆಯಾದ ಎನ್‌ಪಿಟಿಇಎಲ್‌ನ ಆರಂಭದ ಎಂಬೆಡೆಡ್ ಪಾಠಗಳ ಕಥೆಯೂ ಇದೇ. ಮೈಕ್ರೊಕಂಟ್ರೋಲರಿನ ಒಳರಚನೆಯ ಚಿತ್ರ ಸೊಗಸಾಗಿ ಕಾಣುತ್ತಿತ್ತು, ಕೇಳುಗನ ಕೈಯಲ್ಲಿ ಮಾತ್ರ ಏನೂ ಇರಲಿಲ್ಲ. ದಿಕ್ಕು ಬದಲಿಸಿದ್ದು ಎರಡು ಪ್ರಯತ್ನಗಳು. ಐಐಟಿ ಬಾಂಬೆಯ ಇ-ಯಂತ್ರ ಯೋಜನೆ ಕಾಲೇಜುಗಳಲ್ಲಿ ರೋಬೊ ಇರುವ ಲ್ಯಾಬ್ ಕಟ್ಟಿಸಿ, ಮೊದಲು ಅಧ್ಯಾಪಕರನ್ನೇ ತರಬೇತಿಗೆ ಕೂರಿಸಿತು. ದೆಹಲಿಯ ಪ್ರಾಧ್ಯಾಪಕ ಧನಂಜಯ ಗದ್ರೆ ತಮ್ಮ ಎನ್‌ಪಿಟಿಇಎಲ್ ಕೋರ್ಸನ್ನು ‘ಎಂಎಸ್‌ಪಿ430 ಲಂಚ್‌ಬಾಕ್ಸ್’ ಎಂಬ ಅಗ್ಗದ ಬೋರ್ಡಿನ ಸುತ್ತ ಹೆಣೆದರು: ವಿದ್ಯಾರ್ಥಿ ಅದನ್ನು ಮನೆಗೊಯ್ದು, ಪಾಠ ನೋಡುತ್ತ ತಾನೂ ಮಾಡಬೇಕು. 1975ರ ಶಿಕ್ಷಕರ ಶಿಬಿರ ಗೊತ್ತುಮಾಡಿದ್ದ ದಾರಿಗೆ ಇವು ಮರಳಿ ಬಂದವು.

ಸಿಮ್ಯುಲೇಟರ್ ಇರುವಾಗ ಬೋರ್ಡೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಹಗುರವಲ್ಲ; ಕೋಡಿನ ವ್ಯಾಕರಣ ಕಲಿಯಲು, ತಪ್ಪು ಮಾಡಿ ತಿದ್ದಿಕೊಳ್ಳಲು ಸಿಮ್ಯುಲೇಟರಿನಷ್ಟು ಅಗ್ಗದ ಸಾಧನ ಬೇರೆ ಇಲ್ಲ. ಆದರೆ ಈ ಸೀಮೆಯಲ್ಲಿ ಎಂಬೆಡೆಡ್ ಕೆಲಸ ಎಂದರೆ ಯಾವುದು ಎಂದು ನೋಡಿ. ಹೊಲದ ಪಂಪ್‌ಸೆಟ್ಟಿಗೆ ಕೂರಿಸಿದ ಮೊಬೈಲ್ ಸ್ಟಾರ್ಟರ್ ಒಳಗೆ ಒಂದು ಮೈಕ್ರೊಕಂಟ್ರೋಲರ್ ಇದೆ. ಮೋಟರ್ ಶುರುವಾಗುವ ಕ್ಷಣದಲ್ಲಿ ವೋಲ್ಟೇಜ್ ಕುಸಿಯುತ್ತದೆ, ಚಿಪ್ ರೀಸೆಟ್ ಆಗುತ್ತದೆ, ರಿಲೇ ಬಿಡುತ್ತದೆ, ಮೋಟರ್ ನಿಲ್ಲುತ್ತದೆ. ಕೋಡಿನಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ. ದೋಷ ಇರುವುದು ವಿದ್ಯುತ್ ಪೂರೈಕೆಯಲ್ಲಿ, ಕೆಪಾಸಿಟರಿನ ಆಯ್ಕೆಯಲ್ಲಿ, ವೋಲ್ಟೇಜ್ ಇಳಿದಾಗ ಚಿಪ್ ಹೇಗೆ ನಡೆದುಕೊಳ್ಳಬೇಕೆಂಬ ಸೆಟ್ಟಿಂಗಿನಲ್ಲಿ. ಅಚ್ಚುಕಟ್ಟಾದ ಐದು ವೋಲ್ಟ್ ಕೊಡುವ ಸಿಮ್ಯುಲೇಟರ್ ಮುಂದೆ ಕೂತು ಇದನ್ನು ಪತ್ತೆಹಚ್ಚುವುದು ಕಷ್ಟ. ಕಲಿತವರು ಹೇಗೂ ಬೆಂಗಳೂರಿಗೆ ಹೋಗುತ್ತಾರೆ, ಈ ಚಿಂತೆ ಇಲ್ಲೇಕೆ ಎನ್ನುವವರಿಗೂ ಉತ್ತರ ಇಲ್ಲೇ ಇದೆ. ಕೃಷ್ಣೆಯ ಆಚೆ ನಾರಾಯಣಪುರ ಎಡದಂಡೆ ಕಾಲುವೆಯ ಗೇಟುಗಳಿಗೆ ದೂರನಿಯಂತ್ರಣ ಬಂದಿದೆ. ಅಂಥ ಸಾಧನ ಬಿಸಿಲಿಗೆ, ದೂಳಿಗೆ ಕೆಟ್ಟು ನಿಂತರೆ ಬಿಚ್ಚಿ ನೋಡುವ ಕೈ ಹತ್ತಿರದಲ್ಲೇ ಬೇಕು.

ಭಾಷೆಯ ವಿಚಾರದಲ್ಲಿ ಮಾತ್ರ ನಾವು 1975ಕ್ಕಿಂತ ಹಿಂದೆ ಸರಿದಿದ್ದೇವೆ. ಅಂದು ಕನ್ನಡಕ್ಕೆ ತನ್ನದೇ ಧ್ವನಿವಾಹಿನಿ ಇತ್ತು. ಇಂದಿನ ಎಂಬೆಡೆಡ್ ಸೆಮಿನಾರುಗಳು ಬಹುಪಾಲು ಇಂಗ್ಲಿಷಿನಲ್ಲಿ ನಡೆಯುತ್ತವೆ. ಚಿಪ್ಪಿನ ಡೇಟಾಶೀಟ್ ಇಂಗ್ಲಿಷಿನಲ್ಲೇ ಇರುವಾಗ ಕನ್ನಡದ ಪಾಠ ವಿದ್ಯಾರ್ಥಿಯನ್ನು ಹಿಂದಕ್ಕೆ ತಳ್ಳುತ್ತದೆ ಎಂಬ ಆಕ್ಷೇಪವನ್ನು ನಾನು ಅರ್ಧ ಒಪ್ಪುತ್ತೇನೆ. ಡೇಟಾಶೀಟ್ ಓದಲು ಇಂಗ್ಲಿಷ್ ಬೇಕೇ ಬೇಕು. ಆದರೆ ಓದುವುದು ಬೇರೆ, ನೂರು ಜನರೆದುರು ಮೈಕ್ ತೆರೆದು ‘ನನ್ನ ಬೋರ್ಡ್ ಯಾಕೆ ಸುಮ್ಮನಿದೆ’ ಎಂದು ಕೇಳುವುದು ಬೇರೆ. ಎಟಿಎಸ್-6ರ ಕಾಲದ ಶಿಕ್ಷಕ ತಿರುಗಿ ಪ್ರಶ್ನೆ ಕೇಳುವ ಸೌಲಭ್ಯ ಟಿವಿಯಲ್ಲಿರಲಿಲ್ಲ. ಕೇಂದ್ರದ ಮಾರ್ಗದರ್ಶಕನನ್ನು ಅವನು ಕನ್ನಡದಲ್ಲಿ ಕೇಳುತ್ತಿದ್ದ. ಇಂದು ಸೌಲಭ್ಯವಿದೆ, ಆ ಮಾರ್ಗದರ್ಶಕನಿಲ್ಲ. ಉಪನ್ಯಾಸ ಇಂಗ್ಲಿಷಿನಲ್ಲೇ ಇರಲಿ. ಅದು ಮುಗಿದ ಮೇಲಿನ ಒಂದು ಗಂಟೆಯನ್ನು ಸಿಂಧನೂರು, ಲಿಂಗಸುಗೂರಿನ ಕಾಲೇಜು ಲ್ಯಾಬುಗಳು ತಮ್ಮದಾಗಿಸಿಕೊಳ್ಳಬಹುದು: ಮೇಜಿಗೊಂದು ಬೋರ್ಡು, ಒಂದು ಮಲ್ಟಿಮೀಟರ್, ಕನ್ನಡದಲ್ಲಿ ಪ್ರಶ್ನೆ ಕೇಳಿಸಿಕೊಂಡು ಜೊತೆಗೆ ತಂತಿ ಹಿಡಿದು ನೋಡುವ ಒಬ್ಬ ಅಧ್ಯಾಪಕ.