ನೆಲದಡಿಯ ಎಣ್ಣೆಗೆ ಬಾನಿನ ಶೋಧ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಕಾಡಿನ ಮೇಲೆ ಒಂದು ವಿಮಾನ ತಗ್ಗಿನಲ್ಲಿ ಹಾರುತ್ತ, ನೇಗಿಲ ಸಾಲು ಹೊಡೆದಂತೆ ಹೋಗಿ ಮರಳಿ ಬರುತ್ತಿದ್ದರೆ ನೋಡಿದವರು ಏನೆಂದಾರು? “ನಮ್ಮಲ್ಲೂ ಎಣ್ಣೆ ಸಿಕ್ಕೀತೆ?” ಎಂದು ಕೇಳುವವರು ಇದ್ದೇ ಇರುತ್ತಾರೆ. ಉತ್ತರಕ್ಕೆ ಮೊದಲು ಈ ವಿದ್ಯೆಯ ಕಥೆಯನ್ನಷ್ಟು ನೋಡೋಣ.

ಕಬ್ಬಿಣದ ಅದಿರಿರುವ ಗುಡ್ಡದಲ್ಲಿ ದಿಕ್ಸೂಚಿಯ ಮುಳ್ಳು ದಾರಿ ತಪ್ಪುತ್ತದೆ. ಸ್ವೀಡನ್ನಿನ ಗಣಿಗಾರರು 17ನೆಯ ಶತಮಾನದಲ್ಲೇ ಇದನ್ನು ನಂಬಿ ಅದಿರು ಹುಡುಕಿದರು. 1936ರಲ್ಲಿ ಸೋವಿಯತ್ ವಿಜ್ಞಾನಿ ಲೊಗಾಚೆವ್ ಕಾಂತಮಾಪಕವನ್ನು ವಿಮಾನಕ್ಕೇರಿಸಿದರು. ಎರಡನೆಯ ಮಹಾಯುದ್ಧ ಬಂದಾಗ, ಅಮೆರಿಕದ ಗಲ್ಫ್ ತೈಲ ಕಂಪೆನಿಯಲ್ಲಿ ವಿಕ್ಟರ್ ವಾಕಿಯೆ ರೂಪಿಸಿದ ಸೂಕ್ಷ್ಮ ಉಪಕರಣವು ಜಲಾಂತರ್ಗಾಮಿಗಳ ಬೇಟೆಗೆ ಬಳಕೆಯಾಯಿತು. 1945ರಲ್ಲಿ ಅದೇ ಬಗೆಯ ಉಪಕರಣ ಅಲಾಸ್ಕದ ತೈಲ ಮೀಸಲು ಪ್ರದೇಶದ ಮೇಲೆ ಹಾರಿತು.

ಆದರೆ ಎಣ್ಣೆಗೆ ಅಯಸ್ಕಾಂತದ ಗುಣವಿಲ್ಲವಲ್ಲ! ನಿಜ, ವಿಮಾನವು ಎಣ್ಣೆಯನ್ನು ಕಾಣುವುದೇ ಇಲ್ಲ. ಅದು ಅಳೆಯುವುದು ತಳದ ಗಟ್ಟಿಬಂಡೆಯ ಆಳವನ್ನು. ಪಕ್ಕದ ಬೀದಿಯಲ್ಲಿ ಡೊಳ್ಳು ಬಾರಿಸಿದರೆ ಪೆಟ್ಟು ಪೆಟ್ಟೂ ಬೇರೆಯಾಗಿ ಕೇಳುತ್ತದೆ. ದೂರದ ಜಾತ್ರೆಯ ಡೊಳ್ಳು ಬರಿಯ ಮೊರೆತ. ಹಾಗೆಯೇ ಕಾಂತೀಯ ಬಂಡೆ ಮೇಲೇ ಇದ್ದರೆ ಉಪಕರಣದ ರೇಖೆ ಚೂಪಾಗಿ ಏಳುತ್ತದೆ. ಆಳದಲ್ಲಿದ್ದರೆ ಮೆಲ್ಲಗೆ ಅಗಲವಾಗಿ ಉಬ್ಬುತ್ತದೆ. ಬಂಡೆ ಆಳದಲ್ಲಿದ್ದರೆ ಅದರ ಮೇಲೆ ಹೂಳಿನ ಪದರಗಳು ದಪ್ಪವಾಗಿ ಕೂಡಿರಬೇಕು. ಎಣ್ಣೆ, ಅನಿಲಗಳ ಸಾಮಾನ್ಯ ನೆಲೆ ಅಂಥ ಪದರಗಳೇ. ಬಳಿಕ ನೆಲದ ಮೇಲೆ ಭೂಕಂಪನ ಪರೀಕ್ಷೆ, ಕೊನೆಗೆ ಬಾವಿ.

ನಮ್ಮ ದೇಶದಲ್ಲಿ 1950ರ ದಶಕದಲ್ಲಿ ಕೊಲಂಬೋ ಯೋಜನೆಯ ಮೇರೆಗೆ ಕೆನಡಾದ ನೆರವಿನಿಂದ ರಾಜಸ್ಥಾನದ ಮರುಭೂಮಿಯ ಮೇಲೆ ಇಂಥ ಹಾರಾಟ ನಡೆಯಿತು. ಮುಂದೆ ಜೈಸಲ್ಮೇರ್ ಸೀಮೆಯಲ್ಲಿ ಅನಿಲ ದೊರೆಯಿತು.

ಇನ್ನು ನಮ್ಮ ನಾಲ್ಕು ತಾಲ್ಲೂಕುಗಳ ಮಾತು. ದಾಂಡೇಲಿಯ ಬಳಿಯ ಕವಳದ ಗುಹೆಗಳು ಸುಣ್ಣಕಲ್ಲಿನವು. ಮುಂಬಯಿ ಹೈನಲ್ಲಿ 1974ರಲ್ಲಿ ಎಣ್ಣೆ ಸಿಕ್ಕಿದ್ದೂ ಸುಣ್ಣಕಲ್ಲಿನಲ್ಲೇ. ಆದರೆ ಹೆಸರೊಂದಾದರೆ ಹಣೆಬರಹ ಒಂದಾಗದು. ಕಡಲ ತಳದ ಆ ಕಲ್ಲು ಕೆಲವೇ ಕೋಟಿ ವರ್ಷಗಳದು. ಇಲ್ಲಿಯ ಧಾರವಾಡ ಶಿಲೆಗಳಿಗೆ 250 ಕೋಟಿ ವರ್ಷಗಳಿಗೂ ಮಿಕ್ಕ ವಯಸ್ಸು. ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಬೆಂದು ಮಡಿಚಿಕೊಂಡವು. ಬೇರೆಡೆ ತಳದಲ್ಲಿ ಅಡಗಿರುವ ಗಟ್ಟಿಬಂಡೆ ಇಲ್ಲಿ ನಮ್ಮ ಕಾಲಡಿಯಲ್ಲೇ ಇದೆ. ಎಣ್ಣೆಯ ಆಸೆಗೆ ಉತ್ತರ ‘ಇಲ್ಲ’ ಎಂದೇ.

ಹಾಗಾದರೆ ವಿಮಾನಕ್ಕೆ ಇಂಥ ನೆಲದಲ್ಲಿ ಕೆಲಸವಿಲ್ಲವೆ? ಇದೆ. 1967ರಲ್ಲಿ ಭಾರತ ಅಮೆರಿಕದ ನೆರವಿನಿಂದ ಕೈಗೊಂಡ ವೈಮಾನಿಕ ಖನಿಜ ಶೋಧಕ್ಕೆ ‘ಆಪರೇಷನ್ ಹಾರ್ಡ್ ರಾಕ್’, ಅಂದರೆ ಗಟ್ಟಿಕಲ್ಲಿನ ಕಾರ್ಯಾಚರಣೆ, ಎಂದೇ ಹೆಸರು. 2017ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ವೈಮಾನಿಕ ನಕ್ಷೆಯ ಕಾರ್ಯ ಆರಂಭಿಸಿತು. 300 ಮೀಟರಿಗೊಂದು ಸಾಲು, ನೆಲದಿಂದ ಸುಮಾರು 80 ಮೀಟರ್ ಎತ್ತರ. ಅದರ ಗುರಿ ಲೋಹದ ಖನಿಜಗಳು. ಜೋಯಿಡಾ ಕಡೆಯ ಗುಡ್ಡಗಳಲ್ಲಿ ಮ್ಯಾಂಗನೀಸು, ಕಬ್ಬಿಣ ಇರುವುದು ಹಳೆಯ ಸಂಗತಿ.

ಇಲ್ಲಿಯೇ ನಾವು ಯೋಚಿಸಬೇಕಾದದ್ದು. ಕಾಳಿಯ ಅಣೆಕಟ್ಟಿನ ನೀರಿನಲ್ಲಿ ಹಳೆಯ ಸೂಪಾ ಮುಳುಗಿದ್ದನ್ನು ಕಂಡ ಜನರಿಗೆ, ನೆಲದ ಬೆಲೆಯನ್ನು ಬೇರೆಯವರು ಕಟ್ಟುವುದೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ವಿಮಾನ ಒಂದು ಮರವನ್ನೂ ಕಡಿಯದೆ ಪ್ರಶ್ನೆ ಕೇಳುತ್ತದೆ. ಅದು ‘ಇಲ್ಲ’ ಎಂದರೆ ಒಂದು ಕಾಡು ಉಳಿಯುತ್ತದೆ. ‘ಇದೆ’ ಎಂದರೆ, ಅಗೆಯಬೇಕೇ ಎಂಬ ಪ್ರಶ್ನೆ ಉಪಕರಣದ್ದಲ್ಲ, ಅದು ನಮ್ಮದು.