ಸತ್ತ ಮೇಲೂ ಕಾವಲು

ಚನ್ನಗಿರಿಯ ಧೋಂಡಿಯಾ ವಾಘನನ್ನು ಕಂಪನಿ ಸರಕಾರ ದರೋಡೆಗಾರನೆಂದೇ ಕರೆಯಿತು. ೧೮೦೦ನೆಯ ಇಸವಿ ಸೆಪ್ಟೆಂಬರ್ ೧೦ರಂದು ಅವನು ಕಾಳಗದಲ್ಲಿ ಬಿದ್ದಾಗ ಕರ್ನಲ್ ವೆಲ್ಲೆಸ್ಲಿಯ ಕಡೆಯವರು ಹೆಣವನ್ನು ತೋಪಿಗೆ ಬಿಗಿದು ಪಾಳೆಯಕ್ಕೆ ತಂದರು. ಸತ್ತನೆಂಬ ಸುದ್ದಿಯಷ್ಟೇ ಸಾಲದು, ಕಣ್ಣಿಗೂ ಕಾಣಬೇಕಲ್ಲ!

ಸಂಗೊಳ್ಳಿ ರಾಯಣ್ಣನ ವಿಷಯದಲ್ಲಿ ಕಂಪನಿಯ ಲೆಕ್ಕ ತಪ್ಪಿತು. ೧೮೩೧ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿ, ಅಲ್ಲಿಗೆ ಮುಗಿಯಿತೆಂದುಕೊಂಡರು. ಅವನ ಸಮಾಧಿಯ ಆಲದ ಮರಕ್ಕೆ ಮಕ್ಕಳಿಲ್ಲದವರು ಇಂದಿಗೂ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ.

ಗೋರಿಯಿದ್ದಲ್ಲಿ ಜನ ಸೇರುತ್ತಾರೆಂಬುದು ಸ್ವತಂತ್ರ ಭಾರತದ ಸರಕಾರಕ್ಕೂ ತಿಳಿಯದ್ದೇನಲ್ಲ. ೧೯೪೯ರಲ್ಲಿ ಗಾಂಧೀಜಿಯವರ ಹಂತಕರನ್ನು ಗಲ್ಲಿಗೇರಿಸಿ, ಅಂಬಾಲಾ ಜೈಲಿನೊಳಗೇ ಸುಟ್ಟು, ಬೂದಿಯನ್ನು ಘಗ್ಗರ್ ನದಿಗೆ ಬಿಟ್ಟರು.

೨೦೦೪ರ ಅಕ್ಟೋಬರ್ ೧೮ರಂದು ವೀರಪ್ಪನ್ ಹತನಾದಾಗಲೂ ಪೊಲೀಸರು ಸುಡಲೆಂದೇ ಇದ್ದರು. ಬಂಧುಗಳು ಒಪ್ಪಲಿಲ್ಲ. ಕೊನೆಗೆ ಹುಟ್ಟೂರು ಗೋಪಿನಾಥಂನಲ್ಲಲ್ಲ, ತಮಿಳುನಾಡಿನ ಮೆಟ್ಟೂರಿನ ಬಳಿಯ ಮೂಲಕಾಡಿನಲ್ಲಿ, ಬಿಗಿ ಪಹರೆಯ ನಡುವೆ ಹೂಳಿದರು. ಸಾವಿರಾರು ಜನ ನೆರೆದಿದ್ದರು. ಕೊಲೆಗಡುಕನಿಗೆ ಇಷ್ಟೊಂದು ಮರ್ಯಾದೆಯೇ ಎಂದು ನನಗೂ ಆಗ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ, ಹೆಂಡತಿ ಮಕ್ಕಳು ಕೇಳಿದ ಹೆಣವನ್ನು ಕೊಟ್ಟದ್ದು ತಪ್ಪೆನಿಸುವುದಿಲ್ಲ.

ಆ ದಯೆಯನ್ನು ಅವನು ಮಾತ್ರ ತೋರಿರಲಿಲ್ಲ. ಅರಣ್ಯಾಧಿಕಾರಿ ಪಿ. ಶ್ರೀನಿವಾಸರನ್ನು ಶರಣಾಗತಿಯ ಮಾತಿನಿಂದ ನಂಬಿಸಿ ಕರೆಸಿ, ೧೯೯೧ರ ನವೆಂಬರ್‌ನಲ್ಲಿ ಕೊಂದು, ತಲೆಯನ್ನು ಕಡಿದೊಯ್ದಿದ್ದ. ಅದೇ ಗೋಪಿನಾಥಂನಲ್ಲಿ ಶ್ರೀನಿವಾಸರು ಕಟ್ಟಿಸಿಕೊಟ್ಟ ಮಾರಿಯಮ್ಮನ ಗುಡಿಯಿದೆ. ಊರವರು ಅವರನ್ನು ಇಂದಿಗೂ ನೆನೆಯುತ್ತಾರೆ.