ಕಾಣದ ಒತ್ತಡ, ಕಾಣುವ ಗುರಿ

ಚೆನ್ನೈಯಿಂದ ಕರಾವಳಿಯ ಹಾದಿ ಹಿಡಿದು ಪುದುಚೇರಿಯನ್ನು ದಾಟಿದರೆ ಕಡಲೂರು ಸಿಗುತ್ತದೆ. ಅದರ ಬಳಿಯಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಸೇಂಟ್ ಡೇವಿಡ್ ಕೋಟೆಯ ಅವಶೇಷಗಳಿವೆ. ಕಂಪನಿಯ ಕೋಟೆಗಳನ್ನು ದುರಸ್ತಿ ಮಾಡಿಸಲು 1750ರಲ್ಲಿ ಬಂದ ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ, ಮರುವರ್ಷ ಜುಲೈ 29ರಂದು ಜ್ವರಕ್ಕೆ ತುತ್ತಾಗಿ ಇಲ್ಲಿಯೇ ಕಣ್ಣು ಮುಚ್ಚಿದನು. ತೋಟಾಗಳನ್ನು ತನ್ನ ಕೈಯಿಂದಲೇ ತುಂಬಿಕೊಳ್ಳುವ ಇಂದಿನ ರೈಫಲ್ ಹವ್ಯಾಸಿಯ ಮುಂದೆ ಎರಡು ಪ್ರಶ್ನೆಗಳಿರುತ್ತವೆ: ನಳಿಗೆಯೊಳಗೆ ಒತ್ತಡವೆಷ್ಟು? ಗುಂಡು ಗುರಿ ಮುಟ್ಟುವುದೇ? ಇವೆರಡನ್ನೂ ಪ್ರಯೋಗದ ಒರೆಗಲ್ಲಿಗೆ ಹಚ್ಚಿದವರಲ್ಲಿ ಮೊದಲಿಗನೆಂದರೆ ಈ ರಾಬಿನ್ಸ್.

ಆತನ ಕಾಲದಲ್ಲಿ ಕೋವಿ ಹಿಡಿದವರೆಲ್ಲರೂ ಮದ್ದನ್ನು ತಾವೇ ತುಂಬುವವರು. ಮದ್ದು ಹೆಚ್ಚಿದಷ್ಟೂ ಫಲ ಹೆಚ್ಚು ಎಂಬುದು ಸಾಮಾನ್ಯ ನಂಬಿಕೆ. ಗುಂಡಿನ ವೇಗವನ್ನು ಅಳೆಯುವ ಸಾಧನವೇ ಇಲ್ಲದಿದ್ದಾಗ ಆ ನಂಬಿಕೆಯನ್ನು ಪರೀಕ್ಷಿಸುವುದಾದರೂ ಹೇಗೆ? ರಾಬಿನ್ಸ್ ಭಾರವಾದ ಮರದ ಹಲಗೆಯೊಂದನ್ನು ಲೋಲಕದಂತೆ ತೂಗುಹಾಕಿ ಅದಕ್ಕೆ ಗುಂಡು ಹಾರಿಸಿದನು. ಹಲಗೆ ಎಷ್ಟು ಹಿಂದಕ್ಕೆ ತೂಗಿತೆಂಬುದರಿಂದ ವೇಗವನ್ನು ಲೆಕ್ಕಹಾಕಿದನು. ಸೆಕೆಂಡಿಗೆ ಸುಮಾರು 1,600 ಅಡಿ! 1742ರಲ್ಲಿ ಪ್ರಕಟವಾದ ಆತನ ಪುಸ್ತಕವನ್ನು ಮಹಾ ಗಣಿತಜ್ಞ ಆಯ್ಲರ್ 1745ರಲ್ಲಿ ಜರ್ಮನ್ ಭಾಷೆಗೆ ತಂದು, ದೀರ್ಘ ವ್ಯಾಖ್ಯಾನವನ್ನೂ ಬರೆದನು. ಉರಿದ ಮದ್ದಿನ ಅನಿಲವು ವಾತಾವರಣದ ಸಾವಿರ ಪಟ್ಟು ಒತ್ತಡವನ್ನು ಬೀರುತ್ತದೆಂದು ರಾಬಿನ್ಸ್ ಅಂದಾಜಿಸಿದ್ದನು.

ಗುರಿಯ ಪ್ರಶ್ನೆಗೂ ಆತನ ಉತ್ತರ ಅಷ್ಟೇ ಸರಳವಾದ ಪ್ರಯೋಗದಿಂದ ಬಂತು. ಕೋವಿಯ ನಳಿಗೆಯ ತುದಿಯನ್ನು ಎಡಕ್ಕೆ ಬಾಗಿಸಿ ಹಾರಿಸಿದಾಗ ಗುಂಡು ಮೊದಲು ಎಡಕ್ಕೆ ಹೊರಟು, ಮುಂದೆ ಬಲಕ್ಕೆ ತಿರುಗಿತು. ನಳಿಗೆಯ ಗೋಡೆಗೆ ಉಜ್ಜಿ ಗುಂಡು ಪಡೆದ ಸುತ್ತಾಟವೇ ಇದಕ್ಕೆ ಕಾರಣ. ಹಾಗಾದರೆ ಆ ಸುತ್ತಾಟವನ್ನು ನಾವೇ ನಿಯಮಿಸಿದರೆ? ನಳಿಗೆಯೊಳಗೆ ಸುರುಳಿ ಗೆರೆ ಕೊರೆದ ರೈಫಲನ್ನು ಕರಗತ ಮಾಡಿಕೊಂಡ ರಾಷ್ಟ್ರವೇ ಮುಂದೆ ಮೇಲುಗೈ ಸಾಧಿಸುವುದೆಂದು ಆತ 1747ರಲ್ಲೇ ಬರೆದನು. ಅದೇ ವರ್ಷ, ಹಡಗಿನ ಫಿರಂಗಿಗಳಲ್ಲಿ ಗುಂಡು ದೊಡ್ಡದಿರಲಿ, ಮದ್ದು ಕಡಿಮೆಯಿರಲಿ ಎಂದೂ ಸಲಹೆಯಿತ್ತನು.

ಆದರೆ ಒತ್ತಡ ಇನ್ನೂ ಕಣ್ಣಿಗೆ ಕಾಣದ್ದಾಗಿಯೇ ಉಳಿದಿತ್ತು. 1844ರ ಫೆಬ್ರವರಿ 28ರಂದು ಅಮೆರಿಕದ ಪ್ರಿನ್ಸ್‌ಟನ್ ಎಂಬ ಯುದ್ಧನೌಕೆಯಲ್ಲಿ ಪ್ರದರ್ಶನಕ್ಕೆಂದು ಹಾರಿಸಿದ ಫಿರಂಗಿ ಸಿಡಿದು, ವಿದೇಶಾಂಗ ಸಚಿವ ಮತ್ತು ನೌಕಾ ಸಚಿವರೂ ಸೇರಿ ಆರು ಮಂದಿ ಸತ್ತರು. ಗಮನಿಸಬೇಕಾದ ಸಂಗತಿಯೆಂದರೆ, ಆ ಫಿರಂಗಿ ಹಿಂದಿನ ಪರೀಕ್ಷೆಗಳಲ್ಲಿ ಅಂದಿಗಿಂತ ಹೆಚ್ಚಿನ ಮದ್ದನ್ನು ತಾಳಿಕೊಂಡಿತ್ತು. ನಿನ್ನೆ ಸಿಡಿಯಲಿಲ್ಲವೆಂಬುದು ಇಂದಿನ ಸುರಕ್ಷತೆಗೆ ಪ್ರಮಾಣವಲ್ಲ.

ಅದೇ ದೇಶದ ಸೇನಾಧಿಕಾರಿ ಥಾಮಸ್ ರಾಡ್‌ಮನ್ ಫಿರಂಗಿಯ ಗೋಡೆಗೆ ರಂಧ್ರ ಕೊರೆದು, ಒಳಗಿನ ಅನಿಲವು ಉಕ್ಕಿನ ಅಲಗೊಂದನ್ನು ತಾಮ್ರದೊಳಕ್ಕೆ ಒತ್ತುವಂತೆ ಮಾಡಿದನು. ತಾಮ್ರದ ಮೇಲಿನ ಗಾಯವೇ ಒತ್ತಡದ ಲಿಪಿಯಾಯಿತು. ಇಂಗ್ಲೆಂಡಿನ ಆಂಡ್ರ್ಯೂ ನೋಬಲ್ ಅದನ್ನು ಸುಧಾರಿಸಿದನು. ಆತನೂ ಫ್ರೆಡ್ರಿಕ್ ಏಬಲ್ ಎಂಬ ರಸಾಯನಜ್ಞನೂ 1875ರಲ್ಲಿ ತೋರಿಸಿದಂತೆ, ಮುಚ್ಚಿದ ಪಾತ್ರೆಯನ್ನು ಪೂರ್ತಿ ತುಂಬಿದ ಮದ್ದು ಉರಿದಾಗ ಒತ್ತಡ 6,400 ವಾತಾವರಣದಷ್ಟು. ರಾಬಿನ್ಸನ ಅಂದಾಜಿನ ಆರು ಪಟ್ಟಿಗೂ ಮಿಗಿಲು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ ಮೇಲೆ ಲೆಕ್ಕ ಇನ್ನಷ್ಟು ಸೂಕ್ಷ್ಮವಾಯಿತು. ಬ್ರಿಟಿಷರ .303 ರೈಫಲ್ ಕಪ್ಪು ಮದ್ದಿಗೆಂದು ರೂಪುಗೊಂಡಿತ್ತು; ಕಾರ್ಡೈಟ್ ಬಂದೊಡನೆ ಅದರ ಶಾಖಕ್ಕೆ ಆಳವಿಲ್ಲದ ಸುರುಳಿ ಗೆರೆಗಳು ಬೇಗ ಸವೆದು, ಗುರಿ ಕೆಟ್ಟಿತು. 1895ರಲ್ಲಿ ಗೆರೆಗಳ ವಿನ್ಯಾಸವನ್ನೇ ಬದಲಿಸಬೇಕಾಯಿತು.

ಇಂದು ತೋಟಾ ತುಂಬುವವರು ಮದ್ದನ್ನು ಗ್ರೇನ್‌ಗಳಲ್ಲಿ ತೂಗುತ್ತಾರೆ. ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿಗೆ ಸುಮಾರು ಎರಡು ಗ್ರೇನ್. ಇಷ್ಟರ ವ್ಯತ್ಯಾಸವೂ ಇಲ್ಲಿ ಅಲಕ್ಷಿಸುವಂಥದ್ದಲ್ಲ, ಏಕೆಂದರೆ ಗರಿಷ್ಠ ಮಿತಿಯ ಬಳಿ ವೇಗ ತುಸು ಏರುವಷ್ಟರಲ್ಲಿ ಒತ್ತಡ ಬಹಳ ಏರಿರುತ್ತದೆ. ಗುಂಡನ್ನು ಕೊಂಚ ಆಳಕ್ಕೆ ಕೂರಿಸಿದರೂ, ಬಿಸಿಲಿನಲ್ಲಿ ತೋಟಾ ಕಾದರೂ ಅದು ಹೆಚ್ಚಬಹುದು. ಆದ್ದರಿಂದಲೇ ಪ್ರಯೋಗಾಲಯಗಳು ಪ್ರಕಟಿಸಿದ ಕೋಷ್ಟಕದ ಕೆಳ ಮಿತಿಯಿಂದ ಆರಂಭಿಸಿ, ಸ್ವಲ್ಪಸ್ವಲ್ಪವಾಗಿ ಏರಿ, ಹಾರಿಸಿದ ತೋಟಾದ ಪ್ರೈಮರ್ ಚಪ್ಪಟೆಯಾದರೆ ಅಥವಾ ಬೋಲ್ಟ್ ಬಿಗಿದರೆ ತಕ್ಷಣ ನಿಲ್ಲಿಸುವುದು ಈ ಕಲೆಯ ಶಿಸ್ತು. ಇಂಥ ಕುರುಹುಗಳು ಕಾಣುವ ಹೊತ್ತಿಗೆ ಮಿತಿ ದಾಟಿರಲೂಬಹುದು.

ಹೀಗೆ ಏರುವವರು ಮತ್ತೆ ಮತ್ತೆ ಕಂಡುಕೊಂಡದ್ದು ಒಂದೇ: ಗುಂಡುಗಳು ಒತ್ತಾಗಿ ಒಂದೆಡೆ ಬೀಳುವುದು ಅನೇಕ ವೇಳೆ ಗರಿಷ್ಠ ಮಿತಿಗಿಂತ ಕೆಳಗೆಯೇ. ಗುರಿಗೆ ಬೇಕಾದುದು ಪ್ರತಿ ಸಲವೂ ಒಂದೇ ಸಮನಾದ ಬಲ, ಅತಿಯಾದ ಬಲವಲ್ಲ. ಮದ್ದು ಕಡಿಮೆ ಮಾಡಿರೆಂದು ಕಂಪನಿಯ ಕೋಟೆಯಲ್ಲಿ ತೀರಿಕೊಂಡ ಆ ಗಣಿತಜ್ಞ ಹೇಳಿದ್ದು ದೊಡ್ಡ ಫಿರಂಗಿಗಳ ಕುರಿತು. ಅದನ್ನು ಪುಟ್ಟ ತೋಟಾದ ವಿಷಯದಲ್ಲಿ ಇಂದಿಗೂ ಪ್ರತಿಯೊಬ್ಬರೂ ತಾವಾಗಿಯೇ ಕಲಿಯಬೇಕಾಗಿದೆ, ಕಣ್ಣು ಕೈಗಳನ್ನು ಕಳೆದುಕೊಳ್ಳುವ ಮೊದಲು.